ಜಲಪಾತವೂ ಬೇಕು, ತೋಟವೂ ಬೇಕು: ಐದು ಜನರ ಎಂಟು ದಿನದ ರೆಸಾರ್ಟ್ ಪ್ರವಾಸಕ್ಕೆ ಸಲಹೆ ಕೊಡಿ

ಹಸಿರುಹಾದಿ

ಎಲ್ಲರಿಗೂ ನಮಸ್ಕಾರ. ಎಷ್ಟೋ ವರ್ಷದಿಂದ ಮುಂದೂಡುತ್ತಾ ಬಂದ ಪ್ರವಾಸ ಈ ಸಲ ಮಾಡಲೇಬೇಕು ಅಂತ ತೀರ್ಮಾನಿಸಿದ್ದೇವೆ. ನಾವು ಐದು ಜನ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ಅತ್ತೆ, ಮಾವ.

ಮಾವನವರಿಗೆ 71. ಗಿಡ ಅಂದರೆ ಪ್ರಾಣ. ಕುಂಡದಲ್ಲಿ ಹೊಸ ಚಿಗುರು ಬಂದರೆ ಮನೆಮಂದಿಯನ್ನೆಲ್ಲ ಕರೆದು ತೋರಿಸುತ್ತಾರೆ. ಮಗು ಕೂತರೂ ಮುಳುಗದಷ್ಟು ದೊಡ್ಡ ಎಲೆಯ ನೈದಿಲೆ ಇದೆಯಲ್ಲ, ಅದರ ಫೋಟೋವನ್ನು ಪತ್ರಿಕೆಯಿಂದ ಕತ್ತರಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಿಕೊಂಡಿದ್ದಾರೆ. ಕಾಗದ ಹಳದಿಯಾಗಿ ಹೋಗಿದೆ. ಅದನ್ನು ಅವರಿಗೆ ಕಣ್ಣಾರೆ ತೋರಿಸಬೇಕು ಅನ್ನೋದು ನನ್ನ ಆಸೆ. ಅತ್ತೆಗೆ ಮೊಣಕಾಲು ನೋವು. ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ನಡೆಯುತ್ತಾರೆ, ಮೆಟ್ಟಿಲು ಆಗುವುದಿಲ್ಲ. ಮಗಳಿಗೆ ಜಲಪಾತಕ್ಕೆ ತಲೆ ಕೊಟ್ಟು ನಿಲ್ಲಬೇಕು. ಬೇರೇನೂ ಬೇಡವಂತೆ.

ರಜೆ ಸಿಗುವುದು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ, ಇಲ್ಲವೇ ಡಿಸೆಂಬರ್ ಕೊನೆಗೆ. ಪಟ್ಟಿಯಲ್ಲಿ ಈಗ ಹವಾಯಿ, ಬಾಲಿ, ಕೋಸ್ಟರಿಕಾ, ಶ್ರೀಲಂಕಾ, ಮಾರಿಷಸ್ ಇವೆ. ಎಲ್ಲ ಕಡೆಯ ಫೋಟೋಗಳೂ ಒಂದೇ ಥರ ಕಾಣುತ್ತಿವೆ. ಯಾವುದನ್ನು ನೋಡಿ ಆರಿಸಲಿ?

ದಾರಿಹೋಕ

ಮೇಡಂ, ಮೊದಲು ಅತ್ತೆಯವರ ಮೊಣಕಾಲು ನೋಡಿ. ಆಮೇಲೆ ದೇಶ.

ನಾವು ಕೋಸ್ಟರಿಕಾದ ಲಾ ಫೋರ್ಟುನಾ ಜಲಪಾತಕ್ಕೆ ಹೋಗಿದ್ದೆವು. ಸುಮಾರು 70 ಮೀಟರ್ ಎತ್ತರದಿಂದ ನೀರು ಕಾಡಿನ ಮಧ್ಯೆ ನೇರ ಬೀಳುತ್ತದೆ. ಬಣ್ಣ, ಸದ್ದು, ಎಲ್ಲ ಚೆನ್ನ. ಆದರೆ ಹತ್ತಿರ ಹೋಗಬೇಕಾದರೆ 500ರಷ್ಟು ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಮ್ಮ ವಾಪಸ್ ಹತ್ತುವಾಗ ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತರು. ಒಂದು ಹಂತದಲ್ಲಿ ಮಾತೇ ನಿಲ್ಲಿಸಿದರು. ಆವತ್ತು ಅವರನ್ನು ಮೇಲೆಯೇ ಕೂರಿಸಿ ಹೋಗಬೇಕಿತ್ತು ಅಂತ ಈಗಲೂ ಅನಿಸುತ್ತದೆ. ಮೇಲಿನಿಂದಲೂ ಜಲಪಾತ ಕಾಣುತ್ತದೆ.

ಜಲಪಾತದ ಎತ್ತರ ಎಲ್ಲರೂ ಬರೆಯುತ್ತಾರೆ, ಮೆಟ್ಟಿಲಿನ ಲೆಕ್ಕ ಬರೆಯುವುದಿಲ್ಲ. ನೀವು ಅದನ್ನೇ ಹುಡುಕಿ.

ಮಳೆಬಿಲ್ಲು

ದಾರಿಹೋಕ ಅವರ ಮಾತು ಸರಿ. ನಾನು ಮಳೆಯ ಬಗ್ಗೆ ಹೇಳುತ್ತೇನೆ. ಉಷ್ಣವಲಯದ ದ್ವೀಪ ಅಂದರೆ ಎಲ್ಲಾ ಕಡೆ ಒಂದೇ ಹವೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ.

ಸಮುದ್ರದ ಮೇಲಿಂದ ಬರುವ ಗಾಳಿ ವರ್ಷದಲ್ಲಿ ಹೆಚ್ಚಿನ ದಿನ ಒಂದೇ ದಿಕ್ಕಿನಿಂದ ಬೀಸುತ್ತದೆ. ದಾರಿಗೆ ಬೆಟ್ಟ ಅಡ್ಡ ಬಂದರೆ ಆ ಗಾಳಿ ಮೇಲೇರಬೇಕು. ಮೇಲೇರಿದ ಹಾಗೆ ತಣ್ಣಗಾಗುತ್ತದೆ, ತೇವ ಮೋಡವಾಗುತ್ತದೆ, ಮಳೆ ಬೀಳುತ್ತದೆ. ಬೆಟ್ಟ ದಾಟಿದ ಮೇಲೆ ಗಾಳಿಯಲ್ಲಿ ತೇವ ಉಳಿದಿರುವುದಿಲ್ಲ. ಆ ಕಡೆ ಮಳೆ ನೆರಳು. ಹಾಗಾಗಿ ಜಲಪಾತ, ದಟ್ಟ ತೋಟ ಇರುವುದು ಗಾಳಿಗೆ ಎದುರಾದ ಬದಿಯಲ್ಲಿ. ಬಿಸಿಲು, ಒಣ ಮರಳು, ದೊಡ್ಡ ರೆಸಾರ್ಟ್‌ಗಳು ಇನ್ನೊಂದು ಬದಿಯಲ್ಲಿ.

ಹವಾಯಿಯ ದೊಡ್ಡ ದ್ವೀಪವನ್ನೇ ನೋಡಿ. ಪೂರ್ವದ ಹಿಲೋ ಊರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದೇ ದ್ವೀಪದ ಪಶ್ಚಿಮಕ್ಕೆ ಕೊಹಾಲಾ ಕರಾವಳಿಯ ರೆಸಾರ್ಟ್‌ಗಳ ಕಡೆ 300ರ ಆಸುಪಾಸು. ಮಧ್ಯೆ ಕಾರಿನಲ್ಲಿ ಒಂದೂವರೆ, ಎರಡು ಗಂಟೆ ಅಷ್ಟೆ. ನಾನು ಬಿಸಿಲಿನ ಬದಿಯಲ್ಲಿ ಕೋಣೆ ಹಿಡಿದು, ದಿನಾ ಜಲಪಾತ ನೋಡಲು ದ್ವೀಪ ದಾಟಿದೆ. ಮೂರನೇ ದಿನ ಮಗ ಕಾರು ಹತ್ತಲು ಒಪ್ಪಲಿಲ್ಲ.

ಹಿಲೋ ಕಡೆ ಉಳಿದುಕೊಂಡರೆ ಹತ್ತಿರದಲ್ಲೇ ರೇನ್‌ಬೋ ಜಲಪಾತ. ವಾಹನ ನಿಲ್ಲಿಸುವ ಜಾಗದಿಂದಲೇ ಕಾಣುತ್ತದೆ. ಬೆಳಿಗ್ಗೆ ಬಿಸಿಲು ಬೆನ್ನಿಗಿದ್ದರೆ ನೀರಿನ ತುಂತುರಿನಲ್ಲಿ ಕಾಮನಬಿಲ್ಲು ಮೂಡುತ್ತದೆ. ಮಧ್ಯಾಹ್ನ ಹೋದರೆ ಇಲ್ಲ. ಇನ್ನು ಅಕಾಕಾ ಜಲಪಾತ 135 ಮೀಟರ್. ಅಲ್ಲಿ ಸುತ್ತು ಹಾಕುವ ಹಾದಿಗೆ ಕಾಂಕ್ರೀಟ್ ಹಾಕಿದ್ದಾರೆ, ಆದರೆ ಮೆಟ್ಟಿಲು ಇವೆ. ಒನೊಮಿಯಾ ಕೊಲ್ಲಿಯ ತೋಟ ತುಂಬಾ ಚೆನ್ನಾಗಿದೆ, ಇಳಿಜಾರು ಮಾತ್ರ ಕಡಿದು.

ಅಲೆಗಳಾಚೆ

ಇಷ್ಟೆಲ್ಲ ಯಾಕೆ? ಒಣ ಕಾಲದಲ್ಲಿ ಹೋಗಿ. ಬಿಸಿಲಿದ್ದರೆ ವಯಸ್ಸಾದವರಿಗೂ ಮಕ್ಕಳಿಗೂ ಸುಖ. ರಜೆ ತೆಗೆದುಕೊಂಡು ಹೋಗಿ ಕೋಣೆಯಲ್ಲಿ ಕೂತು ಮಳೆ ನೋಡುವುದು ಯಾರಿಗೆ ಬೇಕು?

ಮಳೆಬಿಲ್ಲು

ಸಮುದ್ರ ತೀರಕ್ಕೆ ಮಾತ್ರ ಹೋಗುವವರಿಗೆ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಜಲಪಾತಕ್ಕೆ ಹೋಗುವವರು ಒಣ ಕಾಲದ ಕೊನೆಗೆ ಹೋದರೆ ಎಷ್ಟೋ ಕಡೆ ಬಂಡೆ ಮೇಲೆ ಒಂದು ಬಿಳಿ ಗೆರೆ ಕಂಡರೆ ಪುಣ್ಯ. ಮಳೆಗಾಲದ ನಡುವೆ ಹೋದರೆ ನೀರು ಕೆಂಪು ಮಣ್ಣಿನದ್ದು, ಹತ್ತಿರ ಬಿಡುವುದಿಲ್ಲ. ಮಳೆಗಾಲ ಮುಗಿಯುತ್ತಾ ಬಂದ ನಾಲ್ಕೈದು ವಾರ ಇದೆಯಲ್ಲ, ಅದು ಸರಿಯಾದ ಹೊತ್ತು. ನೀರು ತುಂಬಿರುತ್ತದೆ, ತಿಳಿಯಾಗಿರುತ್ತದೆ, ತೋಟ ತೊಳೆದಿಟ್ಟ ಹಾಗಿರುತ್ತದೆ.

ಬಾಲಿಯಲ್ಲಿ ಮಳೆ ಸುಮಾರಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್ ಕೊನೆ ಅಂದರೆ ಹದವಾದ ಕಾಲ. ಮಾರಿಷಸ್‌ಗೂ ಅದೇ ಮಾತು. ಅಲ್ಲಿ ಬೇಸಿಗೆ, ಮಳೆ, ಚಂಡಮಾರುತ ಎಲ್ಲ ನವೆಂಬರ್‌ನಿಂದ ಏಪ್ರಿಲ್ ತನಕ. ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಭಯ ಜಾಸ್ತಿ. ಕೆರಿಬಿಯನ್ ಕಡೆ ಬೇರೆ ಲೆಕ್ಕ. ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಶ್ರೀಲಂಕಾಕ್ಕೆ ಎರಡು ಮಳೆಗಾಲ, ದ್ವೀಪದ ಒಂದೊಂದು ಬದಿಗೆ ಒಂದೊಂದು. ಹಾಗಾಗಿ ‘ಒಣ ಕಾಲ’ ಅನ್ನುವ ಒಂದೇ ಮಾತು ಎಲ್ಲ ಕಡೆ ನಡೆಯುವುದಿಲ್ಲ.

ಹಸಿರುಹಾದಿ

ಅಯ್ಯೋ, ನಾನು ಇಷ್ಟು ದಿನ ಕೋಣೆಗಳ ಫೋಟೋ ನೋಡುತ್ತಾ ಕಾಲ ಕಳೆದೆ! ಡಿಸೆಂಬರ್ ಬಿಟ್ಟೆವು. ಏಪ್ರಿಲ್ ಕೊನೆಯೇ ಸರಿ. ಇನ್ನೊಂದು ಕೇಳಬೇಕು. ಕೆಲವು ರೆಸಾರ್ಟ್‌ಗಳಲ್ಲಿ ಒಳಗೇ ಜಲಪಾತ, ತೋಟ ಇದೆ ಅಂತ ಹಾಕಿದ್ದಾರೆ. ಅತ್ತೆ ಎಲ್ಲೂ ಹೋಗದೆ ಅಲ್ಲೇ ನೋಡಬಹುದು ಅಲ್ವಾ?

ತಂಪುಕಲ್ಲು

ಅಕ್ಕಾ, ಇದಕ್ಕೆ ನಾನೇ ಉತ್ತರ ಕೊಡಬೇಕು. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಾವು ಹೋದ ರೆಸಾರ್ಟ್‌ನ ಫೋಟೋದಲ್ಲಿ ಈಜುಕೊಳದ ಹಿಂದೆ ಎರಡಾಳು ಎತ್ತರದ ಜಲಪಾತ, ಸುತ್ತ ಜರೀಗಿಡ. ಹೋಗಿ ಮುಟ್ಟಿ ನೋಡಿದರೆ ಬಂಡೆ ಟೊಳ್ಳು. ಬೆರಳಿನಿಂದ ತಟ್ಟಿದರೆ ಡಬ್ಬದ ಸದ್ದು. ನೀರು ಈಜುಕೊಳದ್ದೇ, ಪಂಪ್‌ನಲ್ಲಿ ಮೇಲೆತ್ತಿ ಬಿಡುತ್ತಿದ್ದರು. ಕ್ಲೋರಿನ್ ವಾಸನೆ. ನಾವಿದ್ದ ನಾಲ್ಕು ದಿನದಲ್ಲಿ ಎರಡು ದಿನ ರಿಪೇರಿ ಅಂತ ನಿಲ್ಲಿಸಿದ್ದರು. ನನ್ನ ಹೆಂಡತಿ ಆ ಫೋಟೋ ನೋಡಿಯೇ ಆ ಜಾಗ ಆರಿಸಿದ್ದಳು. ಅವಳ ಮುಖ ನೋಡಲು ಆಗಲಿಲ್ಲ.

ಮಾಡಿದ ಜಲಪಾತ ತಪ್ಪು ಅಂತ ಅಲ್ಲ. ಮಕ್ಕಳಿಗೆ ಅದೇ ಸುರಕ್ಷಿತ. ಆದರೆ ಗೊತ್ತಿದ್ದು ಹೋಗಬೇಕು. ಬುಕ್ ಮಾಡುವ ಮೊದಲು ಕರೆ ಮಾಡಿ ನೇರವಾಗಿ ಕೇಳಿ. ನೀರು ಎಲ್ಲಿಂದ ಬರುತ್ತದೆ? ದಿನಕ್ಕೆ ಎಷ್ಟು ಹೊತ್ತು ಬಿಡುತ್ತೀರಿ? ನಾವು ಬರುವ ವಾರ ರಿಪೇರಿ ಕೆಲಸ ಇದೆಯಾ? ನಮ್ಮ ಕೋಣೆಯಿಂದ ಊಟದ ಜಾಗಕ್ಕೆ ಎಷ್ಟು ಮೆಟ್ಟಿಲು? ಬೆಟ್ಟದ ಇಳಿಜಾರಿನ ರೆಸಾರ್ಟ್‌ಗಳಲ್ಲಿ ಈ ಕೊನೆಯ ಪ್ರಶ್ನೆ ಮುಖ್ಯ. ಬ್ಯಾಟರಿ ಗಾಡಿ ಇದೆಯಾ, ಕರೆದರೆ ಬರುತ್ತದಾ ಅಂತಲೂ ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಮತ್ತೆ, ರೆಸಾರ್ಟ್‌ನವರ ಫೋಟೋ ಬಿಡಿ, ಉಳಿದು ಹೋದವರು ಹಾಕಿದ ಫೋಟೋಗಳಲ್ಲಿ ನೀವು ಹೋಗುವ ತಿಂಗಳಿನವು ಮಾತ್ರ ನೋಡಿ.

ನಿಜವಾದ ಜಲಪಾತದ ಪಕ್ಕದ ಕೋಣೆ ಸಿಕ್ಕರೂ ಒಂದು ವಿಷಯ ತಿಳಿದಿರಲಿ. ರಾತ್ರಿಯಿಡೀ ಸದ್ದು ಇರುತ್ತದೆ. ಕೆಲವರಿಗೆ ಜೋಗುಳ, ಕೆಲವರಿಗೆ ನಿದ್ದೆಯೇ ಇಲ್ಲ. ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ.

ಬೇರುಬಿಳಲು

ನಾನು ತೋಟಗಾರ. ನಿಮ್ಮ ಮಾವನವರ ವಿಷಯ ಓದಿ ಖುಷಿಯಾಯಿತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅವರ ಕನ್ನಡಿಯ ಅಂಚಿನಲ್ಲಿರುವುದು ವಿಕ್ಟೋರಿಯಾ ನೈದಿಲೆ. ಅಮೆಜಾನ್ ನದಿಯ ಕಡೆಯದು. ಎಲೆ ಎರಡು ಮೀಟರ್‌ಗಿಂತ ಅಗಲ ಬೆಳೆಯುತ್ತದೆ. ಅಂಚು ತಟ್ಟೆಯ ಹಾಗೆ ಮೇಲಕ್ಕೆ ಮಡಚಿರುತ್ತದೆ. ಮಳೆನೀರು ನಿಲ್ಲದ ಹಾಗೆ ಆ ಅಂಚಿನಲ್ಲಿ ಒಂದು ಸೀಳು ಇರುತ್ತದೆ, ಹತ್ತಿರ ಹೋದರೆ ಅದನ್ನು ತೋರಿಸಿ. ಎಲೆಯ ಅಡಿಭಾಗ ದಪ್ಪ ನರ, ಮುಳ್ಳು. ಹೂವಿನ ಕಥೆ ಇನ್ನೂ ಚೆಂದ. ಮೊದಲ ಸಂಜೆ ಬಿಳಿಯಾಗಿ ಅರಳುತ್ತದೆ, ವಾಸನೆಗೆ ದುಂಬಿಗಳು ಒಳಗೆ ಹೋಗುತ್ತವೆ. ಹೂ ಅವನ್ನು ಒಳಗಿಟ್ಟುಕೊಂಡೇ ಮುಚ್ಚಿಕೊಳ್ಳುತ್ತದೆ. ಮರುದಿನ ಸಂಜೆ ಗುಲಾಬಿ ಬಣ್ಣದಲ್ಲಿ ಮತ್ತೆ ಅರಳಿ, ಪರಾಗ ಮೆತ್ತಿಕೊಂಡ ದುಂಬಿಗಳನ್ನು ಬಿಟ್ಟುಬಿಡುತ್ತದೆ. ಆಮೇಲೆ ನೀರಿನೊಳಗೆ ಇಳಿಯುತ್ತದೆ. ಹಗಲು ಹೋದವರಿಗೆ ಪೂರ್ತಿ ಅರಳಿದ ಹೂ ಸಿಗುವುದು ಅಪರೂಪ ಅಂತ ಮಾವನವರಿಗೆ ಮೊದಲೇ ಹೇಳಿಡಿ.

ಇದನ್ನು ನೋಡಲು ನಿಮ್ಮ ಪಟ್ಟಿಯಲ್ಲಿ ಮಾರಿಷಸ್ ಒಳ್ಳೆಯದು. ಉತ್ತರ ಭಾಗದ ಪಾಂಪ್ಲೆಮೂಸ್ ತೋಟದಲ್ಲಿ ಉದ್ದನೆಯ ಕೊಳದ ತುಂಬಾ ಈ ಎಲೆಗಳು. ಜಾಗ ಸಮತಟ್ಟು, ಹಾದಿ ಅಗಲ, ಮರದ ನೆರಳು ಬೇಕಾದಷ್ಟು. ಅಲ್ಲಿ 18ನೇ ಶತಮಾನದಲ್ಲಿ ಪಿಯೆರ್ ಪೊವಾವ್ರ್ ಎನ್ನುವವರು ಜಾಯಿಕಾಯಿ, ಲವಂಗದ ಸಸಿ ತರಿಸಿ ಬೆಳೆಸಿದರು. ಆ ಕಾಲಕ್ಕೆ ಡಚ್ಚರು ಅವನ್ನು ಬೇರೆಯವರ ಕೈಗೆ ಸಿಗಲು ಬಿಡುತ್ತಿರಲಿಲ್ಲ. ನಮ್ಮ ಶ್ರೀತಾಳೆಯೂ ಅಲ್ಲಿದೆ. ಹತ್ತಾರು ವರ್ಷ ಬೆಳೆದು, ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಮರ. ಗಿಡದ ಹುಚ್ಚಿರುವವರಿಗೆ ಅರ್ಧ ದಿನ ಸಾಲುವುದಿಲ್ಲ.

ಶ್ರೀಲಂಕಾದ ಪೆರಾದೆಣಿಯ ತೋಟ ನನಗೆ ಇನ್ನೂ ಇಷ್ಟ. 1821ರಲ್ಲಿ ಶುರುವಾದದ್ದು, 147 ಎಕರೆ. ಮೂರು ಬದಿಗೆ ಮಹಾವೇಲಿ ಗಂಗೆ ಬಳಸಿಕೊಂಡು ಹರಿಯುತ್ತದೆ. ಸಾಲು ರಾಯಲ್ ತಾಳೆ, ತೊಡೆ ಗಾತ್ರದ ಬಿದಿರು, ಒಂದು ಬಯಲನ್ನೇ ಆವರಿಸಿದ ಅತ್ತಿ ಜಾತಿಯ ಮರ. ಆದರೆ ಅಲ್ಲಿಂದ ರಂಬೊಡ ಜಲಪಾತ ದಾಟಿ ನುವಾರ ಎಲಿಯಕ್ಕೆ ಹೋಗುವ ಹಾದಿ ತಿರುವೋ ತಿರುವು. ಮಗಳಿಗೆ ವಾಂತಿಯಾಗುವ ಅಭ್ಯಾಸ ಇದ್ದರೆ ಯೋಚಿಸಿ. ಬಾಲಿಯ ಬೆಡುಗುಲ್ ತೋಟ ಸಮುದ್ರ ಮಟ್ಟದಿಂದ 1,200 ಮೀಟರ್‌ಗಿಂತ ಎತ್ತರದಲ್ಲಿದೆ, ಅಲ್ಲಿಗೆ ಸ್ವೆಟರ್ ಬೇಕು. ದಾರಿಯಲ್ಲಿ ಸಿಂಗಪುರದಲ್ಲಿ ವಿಮಾನ ಬದಲಿಸುವ ಹಾಗಿದ್ದರೆ ಅಲ್ಲಿನ ಬೊಟಾನಿಕ್ ಗಾರ್ಡನ್ ಬಿಡಬೇಡಿ. ಬೆಳಿಗ್ಗೆ 5ಕ್ಕೆ ತೆಗೆಯುತ್ತಾರೆ.

ಎಲ್ಲೇ ಹೋದರೂ ತೋಟಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಿ. ಹತ್ತು ಗಂಟೆ ಮೇಲೆ ಬಿಸಿಲಿಗೆ ಜನ ಸೋಲುತ್ತಾರೆ, ಗಿಡಗಳೂ ಸೋತ ಹಾಗೆ ಕಾಣುತ್ತವೆ.

ನೀರಹನಿ

ಮಗಳು ಜಲಪಾತದ ಕೆಳಗೆ ನಿಲ್ಲುವ ಬಗ್ಗೆ ಯಾರೂ ಬರೆದಿಲ್ಲ. ದಯವಿಟ್ಟು ಇದನ್ನು ಪೂರ್ತಿ ಓದಿ.

ಎತ್ತರದ ಜಲಪಾತದ ನೇರ ಕೆಳಗೆ ಯಾರನ್ನೂ ನಿಲ್ಲಿಸಬೇಡಿ. ನೀರಿನ ಜೊತೆ ಕಲ್ಲು, ಕೊಂಬೆ ಬರುತ್ತವೆ. ಹವಾಯಿಯ ಒಆಹು ದ್ವೀಪದಲ್ಲಿ ಸೇಕ್ರೆಡ್ ಫಾಲ್ಸ್ ಅಂತ ಒಂದು ಉದ್ಯಾನ ಇತ್ತು. 1999ರ ಮೇ 9ರಂದು ಮೇಲಿನ ಬಂಡೆ ಕಳಚಿ ಜನರ ಮೇಲೆ ಬಿತ್ತು. 8 ಜನ ಸತ್ತರು. ಆವತ್ತು ಮುಚ್ಚಿದ ಉದ್ಯಾನವನ್ನು ಮತ್ತೆ ತೆಗೆಯಲಿಲ್ಲ. ಮಗುವಿಗೆ ಬೇಕಾದದ್ದು ತಲೆ ಮೇಲೆ ನೀರು ಬೀಳುವುದು. ಅದಕ್ಕೆ ಎರಡಾಳು ಎತ್ತರದ ಚಿಕ್ಕ ಧಾರೆ, ಜನ ಸ್ನಾನ ಮಾಡುವ ಕಡೆ, ಅಂಚಿನಲ್ಲಿ ಸಿಕ್ಕರೆ ಸಾಕು.

ಎರಡನೆಯದು, ಹಠಾತ್ ಪ್ರವಾಹ. ನಾವೊಮ್ಮೆ ಹೊಳೆಯ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆವು. ತಲೆ ಮೇಲೆ ಸುಡು ಬಿಸಿಲು. ನನ್ನ ತಮ್ಮ ಪಕ್ಕದ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟಿದ್ದ. ಮಾತಿನ ನಡುವೆ ನೋಡುತ್ತೇನೆ, ಚಪ್ಪಲಿಯ ಸುತ್ತ ಒಣ ಎಲೆ ಬಂದು ತಿರುಗುತ್ತಿವೆ. ತಿಳಿನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅಲ್ಲಿದ್ದ ಮುದುಕರೊಬ್ಬರು ಕೈ ಬೀಸಿ ಕೂಗಿದರು. ನಾವು ಚಪ್ಪಲಿ ಬಿಟ್ಟು ದಡ ಹತ್ತಿದೆವು. ಐದು ನಿಮಿಷದಲ್ಲಿ ನಾವು ಕೂತಿದ್ದ ಕಲ್ಲು ಕಾಣಲಿಲ್ಲ. ಮೇಲೆ ಬೆಟ್ಟದಲ್ಲಿ ಎಲ್ಲೋ ಮಳೆ ಬಂದಿತ್ತು, ನಮಗೆ ಒಂದು ಹನಿಯೂ ಬಿದ್ದಿರಲಿಲ್ಲ.

ನೀರಿನ ಬಣ್ಣ ಬದಲಾದರೆ, ಕಸಕಡ್ಡಿ ತೇಲಿ ಬಂದರೆ, ಸದ್ದು ಜೋರಾದರೆ ಏಳಿ. ಸಾಮಾನು ಎತ್ತಿಕೊಳ್ಳಲು ನಿಲ್ಲಬೇಡಿ. ಬೆಟ್ಟದ ಕಡೆ ಕಪ್ಪು ಮೋಡ ಇದ್ದರೆ ಇಳಿಯಲೇಬೇಡಿ.

ಮೂರನೆಯದು, ಇಲಿ ಜ್ವರ. ಇಲಿ, ಹಂದಿಗಳ ಮೂತ್ರ ಸೇರಿದ ಹೊಳೆ ನೀರಿನಿಂದ ಬರುತ್ತದೆ. ಗಾಯದಿಂದ, ಕಣ್ಣು ಬಾಯಿಯಿಂದ ಒಳಗೆ ಹೋಗುತ್ತದೆ. ಕಾಲಲ್ಲಿ ಗಾಯ ಇದ್ದರೆ ನೀರಿಗೆ ಇಳಿಯಬೇಡಿ. ಜೋರು ಮಳೆ ಬಂದ ಮರುದಿನವೂ ಬೇಡ. ಮನೆಗೆ ಬಂದ ಮೇಲೆ ಎರಡು ಮೂರು ವಾರದಲ್ಲಿ ಜ್ವರ ಬಂದರೆ, ಹೊಳೆಗೆ ಇಳಿದಿದ್ದೆವು ಅಂತ ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯದೇ ಹೋಗಬಹುದು.

ದಾರಿಹೋಕ

ನೀರಹನಿ ಅವರು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವ, ರಬ್ಬರ್ ತಳದ ನೀರಿನ ಶೂ ತಗೊಳ್ಳಿ. ಪಾಚಿ ಬಂಡೆ ಮೇಲೆ ಜಾರುವುದು ಹಿಮ್ಮಡಿಯಿಂದಲೇ. ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ತೋಟಕ್ಕೆ ಹೋಗುವಾಗಲೇ ಮುಲಾಮು ಹಚ್ಚಿ.

ಹಸಿರುಹಾದಿ

ರಾತ್ರಿ ಎಲ್ಲರೂ ಕೂತು ಇದನ್ನೆಲ್ಲ ಓದಿದೆವು. ದುಂಬಿಯ ಕಥೆ ಓದಿದಾಗ ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಮಾರಿಷಸ್ ಅಂತ ಆಯಿತು. ಈಗ ಎಲ್ಲಿ ಉಳಿಯೋಣ? ಜಲಪಾತ ಯಾವುದು? ಮೂರು ಕಡೆ ಕೋಣೆ ಬದಲಿಸಿ ಇಡೀ ದ್ವೀಪ ಸುತ್ತೋಣ ಅಂತಾರೆ ನನ್ನ ಗಂಡ.

ಮಳೆಬಿಲ್ಲು

ಒಂದೇ ಕಡೆ ಉಳಿಯಿರಿ. ದ್ವೀಪ ಉದ್ದಕ್ಕೆ ಸುಮಾರು 65 ಕಿಲೋಮೀಟರ್, ಅಗಲಕ್ಕೆ 45. ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ಹಿರಿಯರು ಸುಸ್ತಾಗುತ್ತಾರೆ. ಅಲ್ಲಿ ಗಾಳಿ ಆಗ್ನೇಯದಿಂದ ಬೀಸುತ್ತದೆ. ಹಾಗಾಗಿ ಪೂರ್ವದ ತೀರಕ್ಕೆ ಗಾಳಿ ಜಾಸ್ತಿ, ನಡುವಿನ ಎತ್ತರದ ಜಾಗಕ್ಕೆ ಮಳೆ ಜಾಸ್ತಿ. ಪಶ್ಚಿಮ ತೀರ ಒಣ, ಸಮುದ್ರ ಶಾಂತ. ಪಶ್ಚಿಮದಲ್ಲಿ, ಫ್ಲಿಕ್ ಆನ್ ಫ್ಲಾಕ್ ಆಸುಪಾಸಿನಲ್ಲಿ ಉಳಿದರೆ ಉತ್ತರದ ತೋಟಕ್ಕೂ ನೈಋತ್ಯದ ಜಲಪಾತಕ್ಕೂ ಹೆಚ್ಚುಕಡಿಮೆ ಒಂದೇ ದೂರ.

ಅತ್ತೆಯವರಿಗೆ ಶಮರೆಲ್ ಜಲಪಾತ. ಸುಮಾರು 100 ಮೀಟರ್, ಹಸಿರು ಗೋಡೆಯ ನಡುವೆ ಬೀಳುತ್ತದೆ. ವಾಹನದಿಂದ ಇಳಿದು ನಾಲ್ಕು ಹೆಜ್ಜೆ ಹೋದರೆ ಎದುರಿಗೇ ಕಾಣುತ್ತದೆ. ಅದೇ ಆವರಣದಲ್ಲಿ ಏಳು ಬಣ್ಣದ ಮಣ್ಣಿನ ದಿಬ್ಬ, ದೈತ್ಯ ಆಮೆಗಳು. ಮಗಳಿಗೆ ದಕ್ಷಿಣದ ಸುಯಾಕ್ ಊರಿನ ಹತ್ತಿರ ರೋಚೆಸ್ಟರ್ ಜಲಪಾತ. ಎತ್ತರ ಹತ್ತು ಮೀಟರ್ ಇದ್ದೀತು, ಅಗಲ ಜಾಸ್ತಿ. ಕಂಬ ಜೋಡಿಸಿದ ಹಾಗಿರುವ ಕಪ್ಪು ಬಸಾಲ್ಟ್ ಮೇಲಿಂದ ಬೀಳುತ್ತದೆ. ಕಬ್ಬಿನ ಗದ್ದೆ ನಡುವಿನ ಕಚ್ಚಾ ರಸ್ತೆ.

ಎರಡು ದಿನ ಏನೂ ಇಟ್ಟುಕೊಳ್ಳಬೇಡಿ. ಒಂದು ಮಳೆಗೆ, ಒಂದು ಸುಮ್ನೆ ಕೂರಲು. ಆಮೇಲೆ, ಮೇ ಮೊದಲ ವಾರ ಅಲ್ಲಿ ಸಂಜೆ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಉಷ್ಣವಲಯದಲ್ಲಿ ಕತ್ತಲು ಬೇಗ ಕವಿಯುತ್ತದೆ. ಜಲಪಾತದಿಂದ ನಾಲ್ಕು ಗಂಟೆಗೆ ಹೊರಟುಬಿಡಿ.

ಹಸಿರುಹಾದಿ

ಹೋಗಿ ಬಂದೆವು. ಕೇಳಿದವರಿಗೆಲ್ಲ ಹೇಳಬೇಕು ಅಂತ ಬಂದ ಮರುದಿನವೇ ಬರೆಯುತ್ತಿದ್ದೇನೆ.

ಮೂರನೇ ದಿನ ಇಡೀ ಮಳೆ. ಖಾಲಿ ದಿನ ಇಟ್ಟುಕೊಂಡದ್ದು ಕೈ ಹಿಡಿಯಿತು. ಶಮರೆಲ್‌ಗೆ ಅದರ ಮರುದಿನ ಹೋದೆವು. ನೀರು ಎರಡು ಧಾರೆಯಾಗಿ, ಕೆಳಗೆ ಬೀಳುವ ಮೊದಲೇ ಹೊಗೆಯಾಗಿ ಹೋಗುತ್ತಿತ್ತು. ಅತ್ತೆ ಅರ್ಧ ಗಂಟೆ ಕಟ್ಟೆ ಹಿಡಿದು ನಿಂತಿದ್ದರು, ಕಾಲು ನೋವು ಅನ್ನಲಿಲ್ಲ. ರೋಚೆಸ್ಟರ್‌ಗೆ ಆವತ್ತೇ ಹೋಗಬೇಕು ಅಂತ ಮಗಳ ಹಠ. ನೀರಹನಿ ಅವರು ಬರೆದದ್ದನ್ನು ಅವಳಿಗೇ ಓದಲು ಕೊಟ್ಟೆ. ಎರಡು ದಿನ ಕಾದಳು. ಹೋದಾಗ ನೀರು ತಿಳಿ ಇತ್ತು. ಅಂಚಿನ ಚಿಕ್ಕ ಧಾರೆಗೆ ತಲೆ ಕೊಟ್ಟು, ಕಿವಿ ಮುಚ್ಚಿಕೊಂಡು ಕಿರುಚಿದ್ದೇ ಕಿರುಚಿದ್ದು.

ಪಾಂಪ್ಲೆಮೂಸ್‌ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದೆವು. ಬೇರುಬಿಳಲು ಸರ್, ಮಾವ ಕೊಳದ ಕಟ್ಟೆ ಮೇಲೆ ಕೂತು, ಕೊಡೆಯನ್ನು ಎಲೆಯ ಮೇಲೆ ಗಾಳಿಯಲ್ಲೇ ಹಿಡಿದು ಅಳೆದರು. ಒಂದು ಕೊಡೆ, ಮತ್ತೆ ಮುಕ್ಕಾಲು ಕೊಡೆ. ನೀವು ಹೇಳಿದ ಸೀಳನ್ನು ಅವರೇ ಹುಡುಕಿ ಮೊಮ್ಮಗಳಿಗೆ ತೋರಿಸಿದರು. ಹೂ ಒಂದೇ ಇತ್ತು, ಗುಲಾಬಿ ಬಣ್ಣದ್ದು, ಅರ್ಧ ನೀರಿಗೆ ಇಳಿದಿತ್ತು. ಶ್ರೀತಾಳೆ ಯಾವುದೂ ಹೂ ಬಿಟ್ಟಿರಲಿಲ್ಲ. ಮಾವ ಕಾವಲುಗಾರನನ್ನು ಕರೆದು, ಇದು ಯಾವಾಗ ಬಿಡಬಹುದು ಅಂತ ಎರಡು ಸಲ ಕೇಳಿದರು.